ಗಾಳಿಗೂ ಒಂದು ರಿಜಿಸ್ಟರ್ ಇರಲಿ

‘ಹವಾಮಾನ’ ಎಂಬ ಪದವನ್ನು ಬಿಡಿಸಿ ನೋಡಿ. ‘ಹವಾ’ ನಮ್ಮ ಮನೆಯ ಉರ್ದುವಿನದು, ಅದಕ್ಕೂ ಹಿಂದೆ ಅರಬ್ಬಿಯದು. ‘ಮಾನ’ ಸಂಸ್ಕೃತದ್ದು, ಅಳತೆ ಎಂದರ್ಥ. ಎರಡು ಕಡೆಯಿಂದ ಬಂದು ಕನ್ನಡದಲ್ಲಿ ಒಂದಾದ ಪದ. ಆದರೆ ನಮ್ಮ ಬೀಡಿಯಲ್ಲಿ ನಾವು ಹವಾ ಮಾತ್ರ ಇಟ್ಟುಕೊಂಡು ಮಾನವನ್ನು ಬಿಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ. ಮಳೆಯ ಲೆಕ್ಕ ನಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಬೇಕು. ಕಣಕುಂಬಿಯಲ್ಲಿ ಎಷ್ಟು ಮಿಲಿಮೀಟರ್, ಜಾಂಬೋಟಿಯಲ್ಲಿ ಎಷ್ಟು ಎಂದು ಪತ್ರಿಕೆಯಲ್ಲಿ ಹುಡುಕಿ ಓದುತ್ತೇವೆ. ಗಾಳಿಯ ಮಾತು ಬಂದರೆ ನಮ್ಮ ಹತ್ತಿರ ಇರುವುದು ಎರಡೇ ಅಳತೆ: ‘ಗಾಳಿ ಐತಿ’, ‘ಭಾಳ ಗಾಳಿ ಐತಿ’.

ನಮ್ಮ ಕಾಲೇಜು ಒಂದು ಅನಿಮೋಮೀಟರ್, ಅಂದರೆ ಗಾಳಿಯ ವೇಗ ಅಳೆಯುವ ಸಾಧನ, ಕೊಳ್ಳಬೇಕು ಮತ್ತು ಅದರ ಅಂಕಿಗಳನ್ನು ದಿನಾಲೂ ಒಂದು ರಿಜಿಸ್ಟರ್‌ನಲ್ಲಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಕಾಮರ್ಸ್ ಹುಡುಗಿಗೆ ಇದರ ಉಸಾಬರಿ ಏಕೆ ಎಂದು ಸೈನ್ಸ್ ವಿಭಾಗದ ಗೆಳತಿಯರು ಆಗಲೇ ನಕ್ಕಿದ್ದಾರೆ. ಏಕೆ ಎಂದು ಹೇಳುತ್ತೇನೆ. ಇದು ನಮ್ಮ ಮನೆಯಲ್ಲಿ ರೊಕ್ಕದ ಮಾತಾಗಿಯೇ ಶುರುವಾಯಿತು.

ನಮ್ಮ ಚಾಚಾ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಕಳೆದ ಜನವರಿಯಲ್ಲಿ ಅವರ ಹತ್ತಿರ ಒಬ್ಬ ಏಜೆಂಟ್ ಬಂದ. ಮಾಳಿಗೆಯ ಮೇಲೆ ಕೂರಿಸುವ ಚಿಕ್ಕ ಗಾಳಿಯಂತ್ರ, ಒಂದು ಕಿಲೋವ್ಯಾಟ್, ಬ್ಯಾಟರಿ ಸೇರಿ 1 ಲಕ್ಷ 60 ಸಾವಿರ ರೂಪಾಯಿ. ‘ಸಾಹೇಬ್ರ, ನಿಮ್ಮ ಫ್ರಿಜ್ಜು, ಲೈಟು, ಫ್ಯಾನು ಎಲ್ಲಾ ಇದರ ಮ್ಯಾಲೇ ನಡೀತಾವ್ರಿ. ಗಾಳಿಗೆ ಬಿಲ್ ಬರೂದಿಲ್ರಿ’ ಎಂದ. ಮೊಬೈಲ್ ತೆಗೆದು ಹವಾಮಾನದ ಆ್ಯಪ್ ತೋರಿಸಿದ. ಅದರಲ್ಲಿ ಬೀಡಿಯ ಗಾಳಿ 14 ಎಂದಿತ್ತು. ಅವನ ಹಾಳೆಯಲ್ಲಿ ‘ಪೂರ್ಣ ಸಾಮರ್ಥ್ಯ: 12’ ಎಂದಿತ್ತು. ಹನ್ನೆರಡು ಸಾಕು, ನಿಮ್ಮಲ್ಲಿ ಹದಿನಾಲ್ಕಿದೆ, ಇನ್ನೇನು ಬೇಕು ಎಂಬುದು ಅವನ ವಾದ. ಚಾಚಾ ಕೂಡ ‘ಗಾಳಿ ಬಂದಾಗ ತೂರಿಕೋಬೇಕು ಬೇಟಿ’ ಎಂದು ಗಾದೆ ಹೇಳಿ ಅಡ್ವಾನ್ಸ್ ಕೊಡಲು ತಯಾರಾಗಿದ್ದರು.

ಅಡ್ವಾನ್ಸ್ ಕೊಡುವ ಮುಂಚೆ ನಾನು ಆ ಹಾಳೆಯನ್ನು ಬ್ಯಾಲೆನ್ಸ್ ಶೀಟ್ ಓದುವ ಹಾಗೆ ಓದಿದೆ. ಹನ್ನೆರಡರ ಮುಂದೆ ಸಣ್ಣ ಅಕ್ಷರದಲ್ಲಿ ‘ಮೀ/ಸೆ’ ಎಂದಿತ್ತು. ಮೊಬೈಲಿನ ಹದಿನಾಲ್ಕರ ಮುಂದೆ ‘ಕಿ.ಮೀ/ಗಂ’ ಎಂದಿತ್ತು. ಸೆಕೆಂಡಿಗೆ ಒಂದು ಮೀಟರ್ ಎಂದರೆ ಗಂಟೆಗೆ 3.6 ಕಿಲೋಮೀಟರ್. ಹಾಗಾದರೆ ಯಂತ್ರ ಕೇಳುವುದು ಗಂಟೆಗೆ 43 ಕಿಲೋಮೀಟರ್ ಗಾಳಿ. ಮೊಬೈಲ್ ಪ್ರಕಾರವೇ ಇರುವುದು 14, ಅಂದರೆ ಸೆಕೆಂಡಿಗೆ 4 ಮೀಟರ್ ಕೂಡ ಇಲ್ಲ. 43 ಕಿಲೋಮೀಟರ್ ಗಾಳಿ ಎಂದರೆ ಹೇಗಿರುತ್ತದೆ? 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾ ಅಧಿಕಾರಿ ಹಡಗಿನ ಪಟ ನೋಡಿ ಗಾಳಿಯನ್ನು ಅಂದಾಜು ಮಾಡುವ ಒಂದು ಪಟ್ಟಿ ಮಾಡಿದ. ಆಮೇಲೆ ಅದನ್ನು ನೆಲದ ಮೇಲಿನ ಗುರುತುಗಳಿಗೂ ಹೊಂದಿಸಿದರು. ಅದರಲ್ಲಿ ಈ ಗಾಳಿ 6ನೇ ಮೆಟ್ಟಿಲು: ಗಿಡದ ದೊಡ್ಡ ಕೊಂಬೆಗಳು ಅಲ್ಲಾಡುತ್ತವೆ, ಕೊಡೆ ಹಿಡಿಯಲು ಕಷ್ಟವಾಗುತ್ತದೆ. ದಿನಾಲೂ ಕೊಡೆ ಹಾರುವಷ್ಟು ಗಾಳಿ ಬೀಸುವ ಊರಿನಲ್ಲಿ ಚಾಚಾ ಅಂಗಡಿಯ ಮುಂದೆ ಚಿಪ್ಸ್ ಪಾಕೀಟಿನ ಮಾಲೆ ಹೇಗೆ ತೂಗುಹಾಕುತ್ತಾರೆ?

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನದಷ್ಟು ಬದಲಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ವೇಗ ಕಾಲು ಪಾಲಾದರೆ ಶಕ್ತಿ 64ರಲ್ಲಿ ಒಂದು ಪಾಲು. 12 ಮೀಟರ್ ಗಾಳಿಗೆ 1,000 ವ್ಯಾಟ್ ಕೊಡುವ ಯಂತ್ರ 3 ಮೀಟರ್ ಗಾಳಿಗೆ ಹೆಚ್ಚೆಂದರೆ 15 ವ್ಯಾಟ್ ಚಿಲ್ಲರೆ ಕೊಡಬಹುದು. ಅದೂ ರೆಕ್ಕೆ ತಿರುಗಿದರೆ ಮಾತ್ರ, ಏಕೆಂದರೆ ಇಂಥ ಬಹಳಷ್ಟು ಯಂತ್ರಗಳು ತಿರುಗಲು ಶುರುಮಾಡುವುದೇ ಸುಮಾರು 3 ಮೀಟರ್‌ಗೆ. 1 ಲಕ್ಷ 60 ಸಾವಿರ ಹಾಕಿ ಒಂದು ಎಲ್‌ಇಡಿ ಬಲ್ಬು!

ಚಾಚಾ ಒಪ್ಪಲಿಲ್ಲ. ‘ನೀನು ಮೊಬೈಲ್ ನಂಬೂದಿಲ್ಲ, ಸರಿ. ಆದರೆ ನಮ್ಮ ಮಾಳಿಗಿ ಮ್ಯಾಲ ಎಷ್ಟು ಗಾಳಿ ಐತಿ ಅಂತ ನಿನಗೆ ಹ್ಯಾಂಗ ಗೊತ್ತು?’ ಎಂದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಆ್ಯಪಿನಲ್ಲಿ ಇರುವುದಿಲ್ಲ. ಆ್ಯಪ್‌ಗಳು ತೋರಿಸುವ ಅಂಕಿ ಹೆಚ್ಚಾಗಿ ಕಂಪ್ಯೂಟರ್ ಮಾದರಿಯ ಲೆಕ್ಕ. ಭೂಮಿಯನ್ನು ಚೌಕಗಳಾಗಿ ಹೋಳು ಮಾಡಿ ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಕೊಡುತ್ತಾರೆ. ಯುರೋಪಿನ ಹೆಸರಾಂತ ಮಾದರಿಯ ಚೌಕ ಸುಮಾರು 9 ಕಿಲೋಮೀಟರ್‌ನದು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಶುರುಮಾಡಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನದು 6 ಕಿಲೋಮೀಟರ್. ಅದು ದೊಡ್ಡ ಸಾಧನೆಯೇ. ಆದರೂ 6 ಕಿಲೋಮೀಟರ್ ಚೌಕದಲ್ಲಿ ಊರು, ಹೊಲ, ಗುಡ್ಡ, ಮಾವಿನ ತೋಪು ಎಲ್ಲವೂ ಬರುತ್ತವೆ. ಆ ಅಂಕಿ ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದ ಗಾಳಿಯದು. ಮೂರು ಕಡೆ ಎತ್ತರದ ಮನೆ ಇರುವ ಚಾಚಾ ಮಾಳಿಗೆಯದಲ್ಲ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ, ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ರನ್‌ವೇಗಾಗಿ ಗಾಳಿ ಅಳೆಯುತ್ತಾರೆ. ಅವೂ ತಮ್ಮ ಜಾಗದ ಗಾಳಿಯನ್ನೇ ಹೇಳುತ್ತವೆ.

ನಮ್ಮ ಖಾಲಾ ಮಗ ಬೆಳಗಾವಿಯಲ್ಲಿ ಎಸಿ ಫಿಟ್ಟಿಂಗ್ ಕೆಲಸ ಮಾಡುತ್ತಾನೆ. ಎಸಿ ಜಾಲರಿಯಿಂದ ಗಾಳಿ ಎಷ್ಟು ಬರುತ್ತಿದೆ ಎಂದು ನೋಡಲು ಅವನ ಚೀಲದಲ್ಲಿ ಅಂಗೈ ಅಗಲದ ಫ್ಯಾನಿನ ಮೀಟರ್ ಇರುತ್ತದೆ. ಅದನ್ನು ಫೆಬ್ರುವರಿಯಲ್ಲಿ ಮೂರು ವಾರ ಎರವಲು ತಂದೆವು. ಅವನ ಮೀಟರ್ ‘ನಿಮಿಷಕ್ಕೆ ಅಡಿ’ ಲೆಕ್ಕದಲ್ಲಿ ಇತ್ತು, ಅವರ ಕಸಬಿನಲ್ಲಿ ಅದೇ ರೂಢಿ. ಮೊದಲ ದಿನ 600 ಎಂದು ತೋರಿಸಿದಾಗ ಚಾಚಾ ಮುಖ ಅರಳಿತ್ತು. ಆರು ನೂರು ಅಡಿ ಎಂದರೆ ಸೆಕೆಂಡಿಗೆ ಬರೀ 3 ಮೀಟರ್, ಗಂಟೆಗೆ 11 ಕಿಲೋಮೀಟರ್. ಒಂದೇ ಗಾಳಿ, 600 ಎಂದರೂ ಅದೇ, 11 ಎಂದರೂ ಅದೇ, 3 ಎಂದರೂ ಅದೇ. ಮಾರುವವನು ಯಾವ ಅಂಕಿ ಆರಿಸುತ್ತಾನೆ ಎಂದು ಕಾಮರ್ಸ್‌ನವರಿಗೆ ಹೇಳಬೇಕಿಲ್ಲ.

ಮುಂಜಾನೆ ಏಳು, ಮಧ್ಯಾಹ್ನ ಎರಡು, ಸಂಜೆ ಆರು ಗಂಟೆಗೆ ಮಾಳಿಗೆಯ ಮೇಲೆ ಹೋಗಿ ಬರೆದುಕೊಂಡೆ. ಮುಂಜಾನೆ ಬಹುತೇಕ 1 ಮೀಟರ್‌ಗಿಂತ ಕಡಿಮೆ. ಮಧ್ಯಾಹ್ನ 2ರಿಂದ 3. ಐದು ಮೀಟರ್ ದಾಟಿದ್ದು ಮೂರು ವಾರದಲ್ಲಿ ನಾಲ್ಕೇ ಸಲ. ಇಷ್ಟರಿಂದ ಮಳೆಗಾಲದ ಗಾಳಿಯ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಪಶ್ಚಿಮದ ಗಾಳಿ ಬೇರೆಯೇ ಆಗಿರುತ್ತದೆ. ಒಂದು ವರ್ಷದ ಅಂಕಿ ಬೇಕು ಎಂದು ಚಾಚಾಗೆ ಹೇಳಿದೆ. ಏಜೆಂಟ್ ‘ಆಫರ್ ತಿಂಗಳ ಕೊನೀವರೆಗೆ ಮಾತ್ರ’ ಎಂದು ಫೋನ್ ಮಾಡುತ್ತಲೇ ಇದ್ದ. ಚಾಚಾ ಸದ್ಯಕ್ಕೆ ತಡೆದಿದ್ದಾರೆ. ಆದರೆ ಮೀಟರ್ ವಾಪಸ್ ಬೆಳಗಾವಿಗೆ ಹೋಗಿದೆ. ಮಳೆಗಾಲದ ಗಾಳಿ ಅಳೆಯಲು ನಮ್ಮ ಹತ್ತಿರ ಏನೂ ಇಲ್ಲ.

ಇಲ್ಲಿ ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠವೂ ಬರುತ್ತದೆ. ಒಂದು ಊರಿನಲ್ಲಿ ಮೂರು ದಿನದ ಗಾಳಿ 2, 2, 8 ಮೀಟರ್. ಇನ್ನೊಂದು ಊರಿನಲ್ಲಿ 4, 4, 4. ಎರಡರ ಸರಾಸರಿಯೂ 4. ಆದರೆ ಘನ ತೆಗೆದು ಸರಾಸರಿ ಮಾಡಿ: ಮೊದಲನೆಯದು 176, ಎರಡನೆಯದು 64. ಅದಕ್ಕೇ ‘ನಿಮ್ಮೂರ ಸರಾಸರಿ ಗಾಳಿ ಇಷ್ಟು’ ಎಂಬ ಒಂದು ಅಂಕಿಯಿಂದ ಯಾವ ವ್ಯವಹಾರವನ್ನೂ ಕುದುರಿಸಲು ಬರುವುದಿಲ್ಲ. ಹಾಗೆಯೇ ಮೀಟರ್ ಶೇ 10ರಷ್ಟು ಹೆಚ್ಚು ತೋರಿಸಿದರೆ ಕಾಗದದ ಮೇಲಿನ ಶಕ್ತಿ ಶೇ 33ರಷ್ಟು ಉಬ್ಬುತ್ತದೆ. ಅಕೌಂಟೆನ್ಸಿಯಲ್ಲಿ ಇಂಥ ಎಂಟ್ರಿ ಸಿಕ್ಕರೆ ನಮ್ಮ ಸರ್ ಪುಟವನ್ನೇ ಹರಿಯುತ್ತಾರೆ.

ದೊಡ್ಡ ಕಂಪನಿಗಳಿಗೆ ಇದು ಗೊತ್ತು. ಸವದತ್ತಿ ಕಡೆ, ಗದಗಿನ ಕಪ್ಪತಗುಡ್ಡದ ಕಡೆ, ಚಿತ್ರದುರ್ಗದಲ್ಲಿ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವು ನೋಡಿರುತ್ತೀರಿ. ಅಂಥ ಜಾಗದಲ್ಲಿ ರೊಕ್ಕ ಹಾಕುವ ಮುಂಚೆ ಎತ್ತರದ ಕಂಬ ನಿಲ್ಲಿಸಿ, ಬೇರೆ ಬೇರೆ ಎತ್ತರದಲ್ಲಿ ಅನಿಮೋಮೀಟರ್ ಕಟ್ಟಿ, ಕಡಿಮೆ ಎಂದರೂ ಒಂದು ವರ್ಷ ಅಳೆಯುತ್ತಾರೆ. ಕರ್ನಾಟಕದ ಪವನ ವಿದ್ಯುತ್ ಸಾಮರ್ಥ್ಯ 7 ಸಾವಿರ ಮೆಗಾವ್ಯಾಟ್ ದಾಟಿದೆ, ದೇಶದ ಮೊದಲ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಇದರ ಹಿಂದೆ ಒಬ್ಬ ಮಹಿಳೆಯ ದುಡಿಮೆ ಇದೆ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರಮೇಡ್‌ನಲ್ಲಿ ಹುಟ್ಟಿದರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಇಂಥ ಸಾಧನಗಳೆಲ್ಲ ಹೊರದೇಶದಿಂದಲೇ ಬರುತ್ತಿದ್ದವು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ಅವುಗಳನ್ನು ಇಲ್ಲೇ ತಯಾರಿಸಲು ಶುರುಮಾಡಿದವರು ಅವರು. 1976ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ದೇಶದ 700ಕ್ಕೂ ಹೆಚ್ಚು ಜಾಗಗಳ ಗಾಳಿಯ ಅಂಕಿಗಳನ್ನು ಸಂಗ್ರಹಿಸುವ ಕೆಲಸ ನಡೆಸಿದರು, ಗಾಳಿ ಮತ್ತು ಬಿಸಿಲು ಅಳೆಯುವ ಸಾಧನಗಳ ಸಣ್ಣ ಕಾರ್ಖಾನೆಯನ್ನೂ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಎಂಬುದು ಅವರ ನಂಬಿಕೆಯಾಗಿತ್ತು. 2001ರಲ್ಲಿ ತೀರಿಕೊಂಡರು.

ತಪ್ಪು ಅಳತೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಈ ಸಾಧನದ ಚರಿತ್ರೆಯೇ ಸಾಕ್ಷಿ. ತಿರುಗುವ ಬಟ್ಟಲುಗಳ ಅನಿಮೋಮೀಟರನ್ನು 1846ರಲ್ಲಿ ಮಾಡಿದವರು ಐರ್ಲೆಂಡಿನ ಥಾಮಸ್ ರೊಮ್ನಿ ರಾಬಿನ್ಸನ್. ಬಟ್ಟಲು ಎಷ್ಟೇ ದೊಡ್ಡದಿರಲಿ, ಗಾಳಿ ಅದರ ಮೂರು ಪಟ್ಟು ವೇಗದಲ್ಲಿ ಇರುತ್ತದೆ ಎಂದು ಅವರು ತಿಳಿದಿದ್ದರು. ಅದು ನಿಜವಲ್ಲ, ಬಟ್ಟಲು ಮತ್ತು ತೋಳಿನ ಅಳತೆಯ ಮೇಲೆ ಆ ಸಂಖ್ಯೆ ಬದಲಾಗುತ್ತದೆ ಎಂದು ತಿಳಿಯುವಷ್ಟರಲ್ಲಿ ವರ್ಷಗಟ್ಟಲೆ ತಪ್ಪು ಅಂಕಿಗಳು ಪುಸ್ತಕ ಸೇರಿದ್ದವು. ಕ್ರೀಡೆಯವರಿಗೆ ಇನ್ನೊಂದು ಉದಾಹರಣೆ: 100 ಮೀಟರ್ ಓಟ, ಉದ್ದ ಜಿಗಿತಗಳಲ್ಲಿ ಹಿಂದಿನಿಂದ ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚು ಗಾಳಿ ಇದ್ದರೆ ದಾಖಲೆ ಒಪ್ಪುವುದಿಲ್ಲ. 1988ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಸೆಕೆಂಡಿನಲ್ಲಿ ಓಡಿದಾಗ ಓಟದ ಗಾಳಿಮಾಪಕ 0.0 ತೋರಿಸಿತು. ಅದೇ ಹೊತ್ತಿಗೆ ಪಕ್ಕದ ತ್ರಿವಿಧ ಜಿಗಿತದ ಮಾಪಕ 4.3 ತೋರಿಸಿತ್ತು. ದಾಖಲೆ ಇವತ್ತಿಗೂ ಪುಸ್ತಕದಲ್ಲಿದೆ, ಜಗಳವೂ ಮುಗಿದಿಲ್ಲ.

ಹಾಗಾದರೆ ಕಾಲೇಜು ಏನು ಕೊಳ್ಳಬೇಕು? ಅಂಗಡಿಯಲ್ಲಿ ಬಗೆಬಗೆಯವು ಸಿಗುತ್ತವೆ. ಬಿಸಿ ತಂತಿಯದು ತೀರಾ ಮೆಲ್ಲನೆಯ ಗಾಳಿಯನ್ನೂ ಹಿಡಿಯುತ್ತದೆ, ಆದರೆ ತಂತಿ ನಾಜೂಕು. ಕೋಣೆಯ ಒಳಗಿನ ಕೆಲಸಕ್ಕೆ ಸರಿ, ನಮ್ಮ ಕೆಂಪು ಧೂಳಿಗೆ ಅಲ್ಲ. ಶಬ್ದದ ಅಲೆಯಿಂದ ಅಳೆಯುವುದರಲ್ಲಿ ತಿರುಗುವ ಭಾಗವೇ ಇಲ್ಲ, ಸವೆಯುವುದಿಲ್ಲ, ಆದರೆ ಬೆಲೆ ನಮ್ಮ ಕಾಲೇಜಿನದಲ್ಲ. ಕೈಯಲ್ಲಿ ಹಿಡಿಯುವ ಫ್ಯಾನಿನ ಮೀಟರ್ ಒಂದೂವರೆ-ಎರಡು ಸಾವಿರಕ್ಕೂ ಸಿಗುತ್ತದೆ. ಅದರ ದೋಷ ಒಂದೇ, ಗಾಳಿಗೆ ನೇರ ಮುಖ ಮಾಡಿ ಹಿಡಿಯಬೇಕು. ಓರೆಯಾದರೆ ಕಡಿಮೆ ತೋರಿಸುತ್ತದೆ. ಮೂರು ಬಟ್ಟಲಿನದು ಯಾವ ದಿಕ್ಕಿನಿಂದ ಗಾಳಿ ಬಂದರೂ ತಿರುಗುತ್ತದೆ, ಕಂಬದ ಮೇಲೆ ಬಿಟ್ಟು ಬರಬಹುದು. ನನ್ನ ಮತ ಬಟ್ಟಲಿಗೆ. ಕೈಗೊಂದು ಫ್ಯಾನಿನದು ಜೊತೆಗಿರಲಿ. ಒಂದೇ ಡಬ್ಬಿಯಲ್ಲಿ ಮಳೆ, ಗಾಳಿ, ಗಡಿಯಾರ, ಬಣ್ಣದ ಪರದೆ ಎಲ್ಲವನ್ನೂ ಕೊಡುವ ಪ್ಲಾಸ್ಟಿಕ್ ಸೆಟ್ ನೋಡಲು ಚೆಂದ, ಅದಕ್ಕೆ ಮಾತ್ರ ಮರುಳಾಗುವುದು ಬೇಡ. ಕೊಳ್ಳುವಾಗ ಮೂರು ವಿಷಯ ಕೇಳಿದರೆ ಸಾಕು: ಎಷ್ಟು ವೇಗಕ್ಕೆ ತಿರುಗಲು ಶುರುಮಾಡುತ್ತದೆ, ಶೇಕಡ ಎಷ್ಟು ತಪ್ಪು ಇರಬಹುದು, ಯಾವುದರ ಜೊತೆ ಹೋಲಿಸಿ ಪರೀಕ್ಷೆ ಮಾಡಿದ ಪ್ರಮಾಣಪತ್ರ ಇದೆ. ಮೂರನೆಯದಕ್ಕೆ ಅಂಗಡಿಯವನು ‘ಚಲೋ ಕಂಪನೀದು ಐತಿ’ ಎಂದರೆ ಅದು ಉತ್ತರವಲ್ಲ.

ಬಳಸುವುದರಲ್ಲೂ ಒಂದು ಶಿಸ್ತು ಇದೆ. ಕಟ್ಟಡದ ಅಂಚಿಗೆ ಬಡಿದ ಗಾಳಿ ಮೇಲಕ್ಕೆ ಹಾರಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಗೋಡೆಯ ಹಿಂದೆ ಸುಳಿಯಾಗಿ ಸಾಯುತ್ತದೆ. ಹವಾಮಾನದವರ ನಿಯಮ ಬಯಲಿನಲ್ಲಿ 10 ಮೀಟರ್ ಎತ್ತರದ ಕಂಬ; ಹತ್ತಿರದ ಗಿಡ ಅಥವಾ ಗೋಡೆಯಿಂದ ಅದರ ಎತ್ತರದ ಹತ್ತು ಪಟ್ಟು ದೂರ. ನಮ್ಮ ಆಟದ ಮೈದಾನದ ನಡುಭಾಗ ಇದಕ್ಕೆ ಸರಿಹೋಗಬಹುದು, ಆದರೆ ಕ್ರಿಕೆಟ್ ತಂಡ ನನ್ನನ್ನು ಬಿಡುವುದಿಲ್ಲ. ಕೈ ಮೀಟರ್ ಆದರೆ ತೋಳು ಚಾಚಿ, ಮೈ ಅಡ್ಡ ಬಾರದ ಹಾಗೆ ಹಿಡಿಯಬೇಕು. ಒಂದು ಸಲ ಇಣುಕಿ ನೋಡಿ ಬರೆಯಬಾರದು. ಗಾಳಿ ಉಸಿರಿನ ಹಾಗೆ ಏರಿಳಿಯುತ್ತದೆ, ಹತ್ತು ನಿಮಿಷದ ಸರಾಸರಿ ಬೇರೆ, ಮೂರು ಸೆಕೆಂಡಿನ ರಭಸ ಬೇರೆ. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಮೀಟರ್ ನಿಜ ಹೇಳುತ್ತಿದೆಯೇ ಎಂದು ನೋಡಲು ಖಾಲಾ ಮಗ ಒಂದು ಉಪಾಯ ತೋರಿಸಿದ. ಗಾಳಿ ಇಲ್ಲದ ಮುಂಜಾನೆ ಖಾಲಿ ಮೈದಾನದಲ್ಲಿ ಬೈಕ್ ಮೇಲೆ ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋಗುತ್ತ, ಹಿಂದೆ ಕೂತವರು ಮೀಟರ್ ಚಾಚಿ ಹಿಡಿಯುವುದು. ಅದೇ ದಾರಿಯಲ್ಲಿ ತಿರುಗಿ ಬಂದು ಎರಡರ ಸರಾಸರಿ ತೆಗೆಯುವುದು. ಸ್ವಲ್ಪ ಗಾಳಿ ಇದ್ದರೂ ಹೋಗುವಾಗ ಕೂಡಿದ್ದು ಬರುವಾಗ ಕಳೆದುಹೋಗುತ್ತದೆ. ವೇಗಕ್ಕೆ ಬೈಕಿನ ಮುಳ್ಳಿಗಿಂತ ಮೊಬೈಲಿನ ಜಿಪಿಎಸ್ ನಂಬಬೇಕಂತೆ.

ಇಷ್ಟೆಲ್ಲ ಗಾಳಿಯಂತ್ರ ಕೊಳ್ಳುವವರಿಗೆ ಮಾತ್ರ ಎನ್ನಬೇಡಿ. ನಮ್ಮಲ್ಲಿ ಅರ್ಧದಷ್ಟು ಮನೆಗಳಿಗೆ ಪತ್ರಾಸಿನ ಶೆಡ್ ಇದೆ. ಖಾನಾಪುರದ ಹಂಚಿಗೆ ಹೆಸರಾದ ತಾಲ್ಲೂಕಿನಲ್ಲಿ ಈಗ ಹೊಸ ಮನೆಗೆ ಹಂಚು ಹಾಕುವವರು ಕಡಿಮೆ. ಗಾಳಿಯ ಒತ್ತಡ ವೇಗದ ವರ್ಗದಷ್ಟು ಹೆಚ್ಚುತ್ತದೆ: ಮೀಟರ್‌ನಲ್ಲಿ ಬರೆದ ವೇಗವನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಿದರೆ ಒಂದು ಚದರ ಮೀಟರ್ ಮೇಲೆ ಎಷ್ಟು ನ್ಯೂಟನ್ ಬಲ ಎಂದು ಸಿಗುತ್ತದೆ. ಸೆಕೆಂಡಿಗೆ 10 ಮೀಟರ್ ಗಾಳಿಗೆ ಸುಮಾರು 6 ಕಿಲೋ ಭಾರ. ಮೂರು ಚದರ ಮೀಟರ್ ಪತ್ರಾಸಿಗೆ 18 ಕಿಲೋ. ಆ ಪತ್ರಾಸಿನ ತೂಕವೇ ಸಾಮಾನ್ಯವಾಗಿ ಅಷ್ಟಿರುವುದಿಲ್ಲ! ಕಟ್ಟಡಗಳಿಗೆ ಇರುವ ಭಾರತೀಯ ಮಾನಕ, ಐಎಸ್ 875ರ 3ನೇ ಭಾಗ, ಬೆಂಗಳೂರಿನಂಥ ಕಡಿಮೆ ಗಾಳಿಯ ಊರಿಗೂ 33 ಮೀಟರ್ ರಭಸವನ್ನು ಲೆಕ್ಕಕ್ಕೆ ಹಿಡಿಯಲು ಹೇಳುತ್ತದೆ. ಅದೇ ಪತ್ರಾಸಿಗೆ ಆಗ ಸುಮಾರು 200 ಕಿಲೋ. ಮೇಲೆ ಎರಡು ಕಲ್ಲು ಇಟ್ಟು ಮಲಗುವವರಿಗೆ ಈ ಲೆಕ್ಕ ತೋರಿಸಬೇಕು ಎಂದು ನನ್ನ ಆಸೆ. ಹೊಲದಲ್ಲಿ ಎಣ್ಣೆ ಹೊಡೆಯುವವರಿಗೂ ಮೀಟರ್ ಬೇಕು. ಗಂಟೆಗೆ 15 ಕಿಲೋಮೀಟರ್‌ಗಿಂತ ಹೆಚ್ಚು ಗಾಳಿಯಲ್ಲಿ ಹೊಡೆದರೆ ಔಷಧಿ ಬೆಳೆಗಲ್ಲ, ಪಕ್ಕದವರ ಹೊಲಕ್ಕೂ ಹೊಡೆಯುವವನ ಮುಖಕ್ಕೂ ಹೋಗುತ್ತದೆ.

‘ಲ್ಯಾಬ್‌ಗೆ ಬೇಕಾದ ಸಾಮಾನು ಇನ್ನೂ ಬಹಳ ಇವೆ’ ಎಂದು ಒಬ್ಬ ಉಪನ್ಯಾಸಕರು ಹೇಳಿದರು. ಮಾತು ನಿಜ, ನಾನು ತಳ್ಳಿಹಾಕುವುದಿಲ್ಲ. ಆದರೆ ಲ್ಯಾಬಿನ ಬಹಳಷ್ಟು ಸಾಮಾನು ಪರೀಕ್ಷೆಯ ತಿಂಗಳಲ್ಲಿ ಮಾತ್ರ ಕಪಾಟಿನಿಂದ ಹೊರಗೆ ಬರುತ್ತದೆ. ಇದು ದಿನಾಲೂ ಕೆಲಸ ಮಾಡುತ್ತದೆ, ಊರಿನವರಿಗೂ ಉಪಯೋಗಕ್ಕೆ ಬರುತ್ತದೆ. ಬಟ್ಟಲಿನದಕ್ಕೆ ಕೈ ಸಾಲದಿದ್ದರೆ ಈ ವರ್ಷ ಕೈ ಮೀಟರ್ ಒಂದೇ ಸಾಕು. ನಮ್ಮ ವಾರ್ಷಿಕ ಸಮಾರಂಭದ ಶಾಮಿಯಾನದ ಬಾಡಿಗೆಗೆ ಹೋಲಿಸಿದರೆ ಅದು ಚಿಲ್ಲರೆ.

ನಮ್ಮ ತರಗತಿಯ ಆರು ಜನ ಪಾಳಿಯ ಪ್ರಕಾರ ಬರೆಯಲು ಒಪ್ಪಿದ್ದೇವೆ. ನೂರು ಪುಟದ ಒಂದು ರಿಜಿಸ್ಟರ್ ತಂದು ಗೆರೆ ಹಾಕಿ ಆಗಿದೆ: ತಾರೀಖು, ಹೊತ್ತು, ಜಾಗ, ದಿಕ್ಕು, ಹತ್ತು ನಿಮಿಷದ ಸರಾಸರಿ, ಅತಿ ಹೆಚ್ಚಿನ ರಭಸ, ಬರೆದವರ ಸಹಿ. ತಲೆಬರಹದಲ್ಲೇ ‘ಮೀ/ಸೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಜೂನ್ ಮೊದಲ ವಾರಕ್ಕೆ ಮೀಟರ್ ಬಂದರೆ ಮಳೆಗಾಲದ ಗಾಳಿ ಮೊದಲ ಪುಟದಿಂದಲೇ ಸಿಗುತ್ತದೆ, ಚಾಚಾ ಕೂಡ ಅದನ್ನೇ ಕಾಯುತ್ತಿದ್ದಾರೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ